ತಟ್ಟೆಗೆ ಅಂಟಿಸಿದ ಚೀಟಿ

ಶಹಾಬಾದ
೨೫-೨-೧೯೭೪, ಸೋಮವಾರ

ನನ್ನ ಎಸ್ತೇರಳಿಗೆ,

ನಿನ್ನ ಅಮೃತಮ್ಮ ಮಾಡುವ ನಮಸ್ಕಾರ. ನಾವೆಲ್ಲ ಇಲ್ಲಿ ಕ್ಷೇಮ. ನೀನೂ ಪೀರಪ್ಪನವರೂ ಸೇಡಂನ ಹೊಸ ರೈಲ್ವೆ ಕ್ವಾರ್ಟರ್ಸಿನಲ್ಲಿ ಕ್ಷೇಮವಾಗಿದ್ದೀರಿ ಎಂದುಕೊಂಡಿದ್ದೇನೆ. ಎಂದುಕೊಳ್ಳದೆ ಬೇರೆ ದಾರಿ ಏನಿದೆ? ನೀನು ಹೋಗಿ ಮೂರು ತಿಂಗಳಾಯಿತು, ಒಂದು ಕಾರ್ಡು ಹಾಕಿಲ್ಲ. ನಾನೂ ಹಾಕಿಲ್ಲ, ಒಪ್ಪಿದೆ. ತಡವಾದದ್ದಕ್ಕೆ ಕ್ಷಮಿಸು. ಮೊದಲು ಸಿಟ್ಟಿನಿಂದ ಬರೆಯಲಿಲ್ಲ. ಆಮೇಲೆ ನಿನ್ನ ಚರ್ಚಿನವರು ಬರೆಯಲು ಬಿಡುವು ಕೊಡಲಿಲ್ಲ. ಅವರ ಕೈಯಿಂದ ಬಿಡಿಸಿಕೊಂಡೆ ಎನ್ನುವಷ್ಟರಲ್ಲಿ ಶಿವರಾತ್ರಿ ಬಂತು. ಈಗ ಇವರು ಫರಸಿ ಕಲ್ಲಿನ ಕಾರಖಾನೆಗೆ ಹೋಗಿದ್ದಾರೆ, ಒಲೆ ಆರಿಸಿ ಕೂತಿದ್ದೇನೆ. ಅಕ್ಷರ ತಪ್ಪಿದ್ದರೆ ಅದು ನಿನ್ನ ತಪ್ಪು. ಉರ್ದು ಶಾಲೆಯಲ್ಲಿ ಮೂರನೇ ಇಯತ್ತೆಗೆ ಪಾಟಿ ಬಿಸಾಕಿ ಬಂದವಳಿಗೆ, ನಿನ್ನ ಮನೆಗೂ ನನ್ನ ಮನೆಗೂ ನಡುವಿನ ಗೋಡೆಯ ಮೇಲೆ ಪಾಟಿ ಇಟ್ಟು ಕನ್ನಡ ಬರೆಯಲು ಕಲಿಸಿದವಳು ನೀನೇ.

ಮೊದಲು ಜಗಳ ಮುಗಿಸುತ್ತೇನೆ. ನಾನು ಕಾರ್ತಿಕದಲ್ಲಿ ಗುಂಡಗುರ್ತಿಗೆ ಅಣ್ಣನ ಮಗಳ ಮದುವೆಗೆ ಹೋದದ್ದು ನಾಲ್ಕೇ ದಿನ. ತಿರುಗಿ ಬಂದು ಕೈಕಾಲು ತೊಳೆದು ಗೋಡೆಯ ಹತ್ತಿರ ನಿಂತು, "ಎಸ್ತೇರ್, ಮದಿವ್ಯಾಗ ಏನಾತು ಗೊತ್ತದ ಏನು?" ಎಂದು ಕೂಗಿದೆ. ಎರಡು ಸಲ ಕೂಗಿದೆ. ನಿನ್ನ ಮನೆಯಿಂದ ಯಾರೋ ಗುರುತಿಲ್ಲದ ಹೆಂಗಸು ಹೊರಗೆ ಬಂದು, "ಅವ್ರು ಸೇಡಂಗ ವರ್ಗ ಆಗಿ ಹೋದ್ರಲ್ರಿ, ನಿಮಗ ಗೊತ್ತಿಲ್ಲೇನ್ರಿ?" ಎಂದಳು. ಗೊತ್ತಿಲ್ಲ ಎಂದು ಹೇಳಲು ನನಗೆ ನಾಚಿಕೆಯಾಯಿತು ನೋಡು. "ಗೊತ್ತದ, ಮರ್ತಿದ್ದೆ" ಎಂದು ಒಳಗೆ ಬಂದೆ. ಹದಿನೆಂಟು ವರ್ಷ ಒಂದು ಗೋಡೆಯ ಆಚೆ ಈಚೆ ಬದುಕಿದವರು ನಾವು. ನನ್ನ ಬಾಣಂತನಕ್ಕೆ ನೀರು ಕಾಯಿಸಿದವಳು ನೀನು, ನಿನ್ನ ಅತ್ತೆ ಸತ್ತಾಗ ನಿನ್ನನ್ನು ಹಿಡಿದು ಕೂತವಳು ನಾನು. ಹೋಗುತ್ತೇನೆ ಅಂತ ಒಂದು ಮಾತು ಯಾಕೆ ಹೇಳಲಿಲ್ಲ? ಈ ಪತ್ರ ಬರೆಯುತ್ತಿರುವುದು ಇದನ್ನು ಕೇಳುವುದಕ್ಕೇ. ಉಳಿದದ್ದೆಲ್ಲ ಸುದ್ದಿ. ಆದರೆ ಸುದ್ದಿಯೂ ಬಹಳ ಇದೆ, ಅದರಲ್ಲಿ ಅರ್ಧ ನಿನ್ನಿಂದಲೇ ಆದದ್ದು.

ಡಿಸೆಂಬರ್ ಕೊನೆಗೆ ಒಂದು ದಿನ ನಿನ್ನ ಪಾದ್ರಿಯವರು ನಮ್ಮ ಬಾಗಿಲಿಗೆ ಬಂದರು. ಹಿಂದೆ ಕಲ್ಲು ಖಣಿ ಓಣಿಯ ಯಂಕಮ್ಮ. ನಿನಗೆ ಗೊತ್ತಲ್ಲ, ಅರವತ್ತು ದಾಟಿದರೂ ಇನ್ನೂ ಖಣಿಯಲ್ಲಿ ಕಲ್ಲು ಹೊರುವ ಯಂಕಮ್ಮ. ಯಾರೋ ತೀರಿಕೊಂಡರು ಎಂದುಕೊಂಡೆ. ಪಾದ್ರಿಯವರು ನಿಂತೇ ಹೇಳಿದರು: "ಫೆಬ್ರವರಿಗೆ ನಮ್ಮ ಸುಗ್ಗಿ ಹಬ್ಬದ ಮಾರಾಟ ಅದರಿ. ಬಾಲವಾಡಿ ಮಾಡಿಗೆ ತಗಡು ಹಾಕ್ಸಬೇಕು. ಎಸ್ತೇರಬಾಯಿ ಹೋಗೂದಕ್ಕ ಮುಂಚೆ ಹೇಳ್ಯಾರ, ಈ ವರ್ಷ ಅಮೃತಮ್ಮನವರು ನೋಡ್ಕೋತಾರ ಅಂತ."

"ಯಾವ ಅಮೃತಮ್ಮ?" ಎಂದೆ ನಾನು.

"ನೀವೇರಿ. ಆಗಸ್ಟ್‌ನಾಗ ವರ್ಗದ ಆರ್ಡರ್ ಬಂತಲ್ರಿ, ಆವಾಗೇ ಹೇಳಿದ್ರು."

ಆಗಸ್ಟ್! ಪಾದ್ರಿಗೆ ಆಗಸ್ಟಿನಲ್ಲಿ ಗೊತ್ತು, ಯಂಕಮ್ಮನಿಗೆ ಗೊತ್ತು, ಇಡೀ ಚರ್ಚಿಗೆ ಗೊತ್ತು. ಸೆಪ್ಟೆಂಬರು, ಅಕ್ಟೋಬರು, ನವೆಂಬರು ದಿನಾ ಬೆಳಿಗ್ಗೆ ಗೋಡೆಯ ಹತ್ತಿರ ನಿಂತು ನನ್ನ ಜೊತೆ ತೊಗರಿ ರೇಟು, ನಳದ ನೀರು ಎಂದೆಲ್ಲ ಮಾತಾಡಿದವಳಿಗೆ ಇದೊಂದು ಬಾಯಿಗೆ ಬರಲಿಲ್ಲ. ಮೇಲೆ ನನ್ನನ್ನು ಒಂದು ಮಾತು ಕೇಳದೆ ಚರ್ಚಿನ ಮಾರಾಟವನ್ನು ನನ್ನ ಕೊರಳಿಗೆ ಕಟ್ಟಿ ಹೋದೆ. ನಾನೇನು ನಿಮ್ಮ ಸಭೆಯವಳೇ? ಆ ಚರ್ಚಿನ ಬಾಗಿಲಿಗೆ ನಾನು ಹೋಗಿದ್ದರೆ ನಿನ್ನ ಜರಡಿ ತಿರುಗಿ ಕೊಡಲು ಹೋಗಿರಬೇಕು, ಅಷ್ಟೇ. ಆಗುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ. ಯಂಕಮ್ಮ ಪಾದ್ರಿಯವರ ಹಿಂದಿನಿಂದ, "ಎಸ್ತೇರಬಾಯಿ ಅಂದಿದ್ರು, ಅಮೃತಮ್ಮ ಮದ್ಲು ಒಲ್ಲೆ ಅಂತಾಳ, ಆಮ್ಯಾಲ ಎಲ್ಲಾರಕಿಂತ ಜಾಸ್ತಿ ಓಡಾಡ್ತಾಳ ಅಂತ" ಎಂದಳು. ಹೀಗೆ ಹೇಳಿಸಿಕೊಂಡ ಮೇಲೆ ಹೂಂ ಎಂದರೂ ಸೋತೆ, ಊಹೂಂ ಎಂದರೂ ಸೋತೆ. ಹೂಂ ಎಂದೆ.

ಎಸ್ತೇರ್, ನಿನ್ನ ಜನ ಒಳ್ಳೆಯವರು, ಆದರೆ ಅವರ ಜೊತೆ ಕೆಲಸ ಮಾಡುವುದೆಂದರೆ ಮೈ ಪರಚಿಕೊಳ್ಳುವ ಹಾಗಾಗುತ್ತದೆ. ಮೀಟಿಂಗಿಗೆ ನಾಲ್ಕಕ್ಕೆ ಬನ್ನಿ ಎಂದರೆ ಸಿಮೆಂಟ್ ಕಾರಖಾನೆಯ ಐದರ ಭೋಂಗಾ ಕೂಗಿದ ಮೇಲೆ ಬರುತ್ತಾರೆ. ಬಂದ ಮೇಲೆ ಪ್ರಾರ್ಥನೆ. ಎರಡು ಮಾತಾಡಿದರೆ ಇನ್ನೊಂದು ಪ್ರಾರ್ಥನೆ. ಬೆಂಚು ಎಲ್ಲಿಂದ ತರಬೇಕು ಎಂದು ಕೇಳಿದರೆ ಪಾದ್ರಿಯವರು ಕಣ್ಣು ಮುಚ್ಚುತ್ತಾರೆ. "ಪಾದ್ರಿಯವರೇ, ದೇವರು ಬೆಂಚು ಇಳಿಸೂದಿಲ್ರಿ, ಬಸವಂತರಾಯರ ಅಂಗಡ್ಯಾಗ ಹನ್ನೆರಡು ಅವ, ನಾ ಕೇಳ್ತೀನಿ" ಎಂದೆ. ಎಲ್ಲರೂ ನಕ್ಕರು, ಅವರೂ ನಕ್ಕರು, ಆಮೇಲೆ ಬಸವಂತರಾಯರ ಮನಸ್ಸು ಕರಗಲೆಂದು ಪ್ರಾರ್ಥನೆ ಮಾಡಿದರು.

ಬೆಂಚು ಸಿಕ್ಕವು. ಸಿಕ್ಕಿದ್ದು ಹೇಗೆ ಎಂದು ಹೇಳುತ್ತೇನೆ, ಏಕೆಂದರೆ ಅದು ನನಗೆ ಹೆಮ್ಮೆ. ನಿನ್ನ ಕಾಲದಲ್ಲಿ ಮಾರಾಟಕ್ಕೆ ಸಾಮಾನು ಬರುತ್ತಿದ್ದದ್ದು ನಿಮ್ಮ ನಾಲ್ಕು ಓಣಿಗಳಿಂದ. ಊರಿನವರು ಕೊಳ್ಳಲು ಬರುತ್ತಿದ್ದರೇ ಹೊರತು ಕೊಡುತ್ತಿರಲಿಲ್ಲ. ಬಾಲವಾಡಿಗೆ ನಮ್ಮ ಓಣಿಯ ಹುಡುಗರೂ ಹೋಗುತ್ತಾರೆ, ಖುರ್ಷಿದಬೇಗಂ ಮೊಮ್ಮಕ್ಕಳೂ ಹೋಗುತ್ತವೆ, ಮಳೆ ಬಂದರೆ ಎಲ್ಲರ ಮಕ್ಕಳ ತಲೆಯೂ ನೆನೆಯುತ್ತದೆ; ಹಾಗಿದ್ದ ಮೇಲೆ ಕೊಡಲಿಕ್ಕೇನು ಎಂದು ನಾನು ಮನೆಮನೆಗೆ ಹೋದೆ. ಖುರ್ಷಿದಬೇಗಂ ತನ್ನ ಕೈಯಿಂದ ಹೆಣೆದ ಹನ್ನೊಂದು ಕ್ರೋಶಾ ರುಮಾಲು ಕೊಟ್ಟಳು. ಬಸವಂತರಾಯರ ಹೆಂಡತಿ ಬೇಸನ್ ಉಂಡಿ ಮಾಡಿಸಿ ಕೊಡುತ್ತೇನೆ ಎಂದಳು. ಆ ಮನೆಯಲ್ಲಿ ನನಗೆ ಪಡಸಾಲೆಯ ಕಟ್ಟೆಯ ಮೇಲೇ ಚಾಪೆ ಹಾಕಿದರು, ಒಳಗೆ ಕರೆಯಲಿಲ್ಲ. ಚಹಾ ಬಂದದ್ದು ಬೇರೆ ಲೋಟದಲ್ಲಿ, ನಾನೇ ತೊಳೆದಿಟ್ಟು ಬಂದೆ. ನಮ್ಮ ಮನೆತನಕ್ಕೆ ಅವರು ಅಷ್ಟೇ ಮರ್ಯಾದೆ ಕೊಡುವುದು. ದಾರಿಯುದ್ದಕ್ಕೂ ಆ ಲೋಟವನ್ನು ಬೈದುಕೊಂಡು ಬಂದೆ. ಆದರೆ ಉಂಡಿಯೂ ಬಂತು, ಬೆಂಚೂ ಬಂತು. ನಮ್ಮ ಓಣಿಯ ಹಣಮಮ್ಮ ಚೂಡಾ ಕೊಟ್ಟಳು. ನಾನು ಎರಡು ತಟ್ಟೆ ಚಕ್ಕುಲಿ ಮಾಡಿದೆ. ಹದಿನಾರು ಮನೆಗಳವರು ಮೊದಲ ಸಲ ಕೊಟ್ಟರು, ಎಸ್ತೇರ್. ಯಂಕಮ್ಮ ನನ್ನ ಕೈ ಹಿಡಿದು, "ಇಷ್ಟ ವರ್ಷದಾಗ ಹಿಂಗ ಊರೆಲ್ಲಾ ಕೂಡಿದ್ದು ನೋಡಿಲ್ರಿ ನಾ" ಎಂದಳು. ನಾನು ಉಬ್ಬಿ ಹೋದೆ, ಸುಳ್ಳು ಹೇಳುವುದಿಲ್ಲ.

ಆ ಉಬ್ಬಿನಲ್ಲೇ ಆ ಚೀಟಿಗಳನ್ನು ಬರೆದದ್ದು.

ನಿನ್ನ ಪದ್ಧತಿ ಏನಿತ್ತು ಎಂದು ಯಂಕಮ್ಮನನ್ನು ಕೇಳಿದೆ. ಎಲ್ಲರ ಮನೆಯ ಕರ್ಚಿಕಾಯಿ ಒಂದು ದೊಡ್ಡ ಬುಟ್ಟಿಗೆ, ಎಲ್ಲರ ಉಂಡಿ ಇನ್ನೊಂದು ಬುಟ್ಟಿಗೆ, ಮೇಲೆ ಬಿಳಿ ಅರಿವೆ. ಯಾರದು ಯಾವುದು ಎಂದು ಯಾರಿಗೂ ಗೊತ್ತಿಲ್ಲ. ನನಗೆ ತಲೆ ಚಿಟ್ಟು ಹಿಡಿಯಿತು. ಒಬ್ಬಳು ತುಪ್ಪ ಹಾಕಿ ಮಾಡಿರುತ್ತಾಳೆ, ಒಬ್ಬಳು ಕುಸುಬೆ ಎಣ್ಣೆಯಲ್ಲಿ ಕರಿದಿರುತ್ತಾಳೆ, ಎರಡನ್ನೂ ಒಂದೇ ಬುಟ್ಟಿಗೆ ಸುರಿದರೆ ಕಷ್ಟಪಟ್ಟವಳಿಗೆ ಏನು ಸಿಕ್ಕಿತು? ಈ ಎಸ್ತೇರ್ ಯಾವಾಗಲೂ ಹೀಗೇ, ಅವಳಿಗೆ ಅಚ್ಚುಕಟ್ಟು ಎನ್ನುವುದಿಲ್ಲ ಎಂದು ಎಲ್ಲರ ಮುಂದೆ ಹೇಳಿದೆ. ಪ್ರತಿ ಮನೆಯದ್ದೂ ಬೇರೆ ತಟ್ಟೆ, ತಟ್ಟೆಗೆ ಚೀಟಿ, ಚೀಟಿಯ ಮೇಲೆ ಮಾಡಿದವಳ ಹೆಸರು, ಓಣಿ. ಮಾಡಿದವಳಿಗೂ ಮಾನ ಬರಬೇಕು ಎಂದೆ. ಯಂಕಮ್ಮ "ಎಸ್ತೇರಬಾಯಿ ಹೆಸರಾ ಬರೀಬ್ಯಾಡ್ರಿ ಅಂತಿದ್ರರಿ" ಎಂದಳು. "ಯಾಕ?" ಎಂದೆ. "ಸುಮ್ಮಂದ್ರಿ" ಎಂದಳು. ಸುಮ್ಮನೆ ಎಂದರೆ ಕಾರಣವಿಲ್ಲ ಎಂದು ನಾನು ತಿಳಿದೆ. ನನ್ನ ಅಕ್ಷರ ಚೆನ್ನಾಗಿದೆ ಎಂದು ನೀನೇ ಎಷ್ಟೋ ಸಲ ಹೊಗಳಿದ್ದೀಯಲ್ಲ, ಮೂವತ್ತೆಂಟು ಚೀಟಿ ಒಂದೇ ಮಧ್ಯಾಹ್ನ ಬರೆದೆ. ದುಂಡಗೆ, ಒತ್ತಕ್ಷರ ಒಂದೂ ಬಿಡದೆ.

ಹದಿನಾರನೇ ತಾರೀಖು ಶನಿವಾರ ಮಾರಾಟ. ಚರ್ಚಿನ ಅಂಗಳದಲ್ಲಿ ಒಂದು ಕಡೆ ಬೆಂಚುಗಳ ಮೇಲೆ ತಟ್ಟೆಗಳು, ಇನ್ನೊಂದು ಕಡೆ ಹೊಲದಿಂದ ಬಂದ ಜೋಳ, ತೊಗರಿ, ಕುಂಬಳಕಾಯಿ, ಕೋಳಿ. ಜನ ಬಂದರು ನೋಡು! ವಾಡಿಯಿಂದ ಬಂದರು, ಚಿತ್ತಾಪುರದಿಂದ ಬೆಳಗಿನ ಗಾಡಿಗೆ ಬಂದರು. ಕಾಳಿನ ಹರಾಜು ಮೊದಲು. ಪಾದ್ರಿಯವರು ಒಂದು ಕುಂಬಳಕಾಯಿ ಎತ್ತಿ ಹಿಡಿದರು. ಬಸವಂತರಾಯರು ಐದು ರೂಪಾಯಿ ಎಂದು ಕೊಂಡರು, ಕೊಂಡು, ಅಲ್ಲೇ ಬಿಟ್ಟು ಹೊರಟರು. ಪಾಪ ಮರೆತರು ಎಂದು ನಾನು ಆ ಕುಂಬಳಕಾಯಿ ಹೊತ್ತುಕೊಂಡು ರಸ್ತೆಯವರೆಗೆ ಅವರ ಹಿಂದೆ ಓಡಿದೆ. "ರಾವ್‌ಸಾಹೇಬ್ರೇ, ನಿಮ್ಮ ಕುಂಬಳಕಾಯಿ!" ಎಂದರೆ ಅವರು ಕೈ ಮುಗಿದು, "ಅದು ದೇವ್ರಿಗೇ ವಾಪಸ್ ಕೊಟ್ಟೀನಿ ತಂಗೀ, ಮತ್ತ ಹರಾಜಿಗೆ ಹಾಕ್ರಿ" ಎಂದರು. ನಿಮ್ಮಲ್ಲಿ ಅದು ರಿವಾಜಂತೆ. ಊರ ಹಿರಿಯರಿಗೆಲ್ಲ ಗೊತ್ತಂತೆ. ನನಗೆ ಒಬ್ಬಳಿಗೆ ಗೊತ್ತಿಲ್ಲ. ಇಡೀ ಅಂಗಳ ನಗುತ್ತಿತ್ತು, ನಾನು ಸೆರಗಿಗೆ ಕುಂಬಳಕಾಯಿಯ ಬೂದಿ ಮೆತ್ತಿಕೊಂಡು ತಿರುಗಿ ಬಂದೆ. ಆ ಒಂದು ಕುಂಬಳಕಾಯಿ ಆರು ಸಲ ಮಾರಾಟವಾಯಿತು. ಏಳನೇ ಸಲ ಖುರ್ಷಿದಬೇಗಂ ಕೂಗಿ ತೆಗೆದುಕೊಂಡು ಚೀಲಕ್ಕೆ ಹಾಕಿದಳು. "ರಿವಾಜಾ ಗಿವಾಜಾ ನನಗ ಗೊತ್ತಿಲ್ಲವಾ, ಮನಿಗೆ ಮೆಹಮಾನರು ಬಂದಾರ" ಎಂದಳು. ಸದ್ಯ, ಒಬ್ಬಳಿಗಾದರೂ ಬುದ್ಧಿಯಿದೆ ಎಂದುಕೊಂಡೆ.

ಆಮೇಲೆ ತಟ್ಟೆಗಳ ಕಡೆ ಜನ ಬಂದರು.

ಹಣಮಮ್ಮ ಎಲ್ಲರಿಗಿಂತ ಮುಂದೆ. ಒಂದು ತಟ್ಟೆಯಿಂದ ಕರ್ಚಿಕಾಯಿ ಎತ್ತಿಕೊಂಡಳು, ಒಳ್ಳೆ ಹೊಂಬಣ್ಣದ ಕರ್ಚಿಕಾಯಿ. ಅವಳಿಗೆ ಓದಲು ಬರುವುದಿಲ್ಲ. "ಇದು ಯಾರ ಮನೀದು ಅಂತ ಬರ್ದೀರಿ?" ಎಂದು ಕೇಳಿದಳು. ನಾನು ಸಡಗರದಿಂದ ಗಟ್ಟಿಯಾಗಿ ಓದಿದೆ: "ಯಂಕಮ್ಮ, ಕಲ್ಲು ಖಣಿ ಓಣಿ." ಹಣಮಮ್ಮ ಕರ್ಚಿಕಾಯಿಯನ್ನು ತಿರುಗಿ ತಟ್ಟೆಯಲ್ಲಿ ಇಟ್ಟಳು. ಮೆಲ್ಲಗೆ ಇಟ್ಟಳು, ಒಡೆಯಬಾರದೆಂಬಂತೆ. ಸೆರಗಿಗೆ ಬೆರಳು ಒರೆಸಿಕೊಂಡು, "ನಿಮ್ಮ ಚಕ್ಕುಲಿ ಎಲ್ಲಿ ಅವ್ರಿ ಅಮೃತಕ್ಕಾ?" ಎಂದಳು.

ನಾನು ಬೆಪ್ಪಳಂತೆ ಚಕ್ಕುಲಿ ತೋರಿಸಿದೆ.

ಅಲ್ಲಿಂದ ಮುಂದೆ ಅದೇ ಆಟ. ಓದಲು ಬಂದವರು ಓದಿ ಮುಂದೆ ಹೋದರು, ಬಾರದವರು ನನ್ನನ್ನು ಕೇಳಿದರು. ನನ್ನ ಚಕ್ಕುಲಿ ಹತ್ತು ನಿಮಿಷದಲ್ಲಿ ಖಾಲಿ. ಬಸವಂತರಾಯರ ಮನೆಯ ಉಂಡಿಗೆ ನೂಕುನುಗ್ಗಲು. ಹಣಮಮ್ಮನ ಚೂಡಾ ಖಾಲಿ. ನಿಮ್ಮ ಓಣಿಗಳ ಇಪ್ಪತ್ತೆರಡು ತಟ್ಟೆಗಳು ಹೇಗೆ ಇಟ್ಟಿದ್ದವೋ ಹಾಗೆ. ಪ್ರತಿ ತಟ್ಟೆಯ ಹಿಂದೆ ಅದನ್ನು ಮಾಡಿದವಳು ತಲೆಗೆ ಎಣ್ಣೆ ಹಚ್ಚಿ, ಹಬ್ಬದ ಸೀರೆ ಉಟ್ಟು ನಿಂತಿದ್ದಾಳೆ, ಎದುರಿಗೆ ಅವಳ ಹೆಸರು ನನ್ನ ದುಂಡಗಿನ ಅಕ್ಷರದಲ್ಲಿ. ಒಬ್ಬಳಾದರೂ ನನ್ನನ್ನು ಬೈದಿದ್ದರೆ ನಾನು ತಿರುಗಿ ಬೈದು ಹಗುರಾಗುತ್ತಿದ್ದೆ. ಖುರ್ಷಿದಬೇಗಂ ನನ್ನ ಮೊಣಕೈ ಹಿಡಿದು ಪಕ್ಕಕ್ಕೆ ಎಳೆದಳು. "ಅಮೃತಾಬಾಯಿ, ಹೆಸರಾ ಬರ್ದು ಎಂಥಾ ಕೆಲ್ಸಾ ಮಾಡಿದಿ? ಬುಟ್ಟ್ಯಾಗಿದ್ರ ಎಲ್ಲಾರೂ ತಿಂತಿದ್ರು. ಎಲ್ಲಾರಿಗೂ ಗೊತ್ತಿತ್ತು, ಯಾರಿಗೂ ಗೊತ್ತಿದ್ದಿಲ್ಲ. ನೀ ಬಂದು ಗೊತ್ತು ಮಾಡಿದಿ."

ಆಗ ನನಗೆ ನಿನ್ನ ಬುಟ್ಟಿ ಅರ್ಥವಾಯಿತು. ಅರ್ಥವಾದ ಕೂಡಲೇ ನಿನ್ನ ಮೇಲೆ ಎಂಥ ಸಿಟ್ಟು ಬಂತು! ಗೊತ್ತಿದ್ದವಳು ಹೇಳಿ ಹೋಗಬಾರದೇ? ಓಡಾಡಿ ಚೀಟಿ ಕಿತ್ತೆ, ಎಲ್ಲ ಕರ್ಚಿಕಾಯಿ ಒಂದು ಬುಟ್ಟಿಗೆ ಸುರಿದೆ. ಏನು ಪ್ರಯೋಜನ, ನೋಡಿದವರು ನೋಡಿ ಆಗಿತ್ತು. ಚೀಟಿ ಕೀಳುವ ಕೈ ನೋಡಿ ಇನ್ನಷ್ಟು ಜನರಿಗೆ ಗೊತ್ತಾಯಿತು. "ಎಲ್ಲಾ ಚಲೋ ಅವ, ತಗೋರಿ, ತಿಂದು ನೋಡ್ರಿ" ಎಂದು ಕೂಗಿದೆ. ಹಣಮಮ್ಮ ನಗುತ್ತಾ, "ನೀವು ಮದ್ಲು ತಿನ್ರಿ ಅಕ್ಕಾ, ಆಮ್ಯಾಲ ನಾವು" ಎಂದಳು.

ಯಂಕಮ್ಮ ಬುಟ್ಟಿಯಿಂದ ಒಂದು ಕರ್ಚಿಕಾಯಿ ತೆಗೆದು ನನ್ನ ಕೈಗೆ ಕೊಟ್ಟಳು. ಅಂಗಳವೆಲ್ಲ ನೋಡುತ್ತಿತ್ತು. ತಿಂದಿದ್ದರೆ ಮುಗಿಯುತ್ತಿತ್ತು, ಎಸ್ತೇರ್. ಹಣಮಮ್ಮ ತಿನ್ನುತ್ತಿದ್ದಳು, ಅವಳ ಹಿಂದೆ ನಾಲ್ಕು ಜನ ತಿನ್ನುತ್ತಿದ್ದರು, ಇಪ್ಪತ್ತೆರಡು ಹೆಂಗಸರ ಮುಖ ಉಳಿಯುತ್ತಿತ್ತು. ಕೈ ಎತ್ತಿದೆ. ತುಟಿಯವರೆಗೆ ಬಂತು. ಬಾಯಿ ತೆರೆಯಲಿಲ್ಲ. ಬಾಯಿ ತೆರೆದದ್ದು ಮಾತಿಗೆ. "ಇವತ್ತ ಶನಿವಾರ, ನಂದು ಒಪ್ಪತ್ತು" ಎಂದೆ.

ಯಂಕಮ್ಮ ತಲೆಯಾಡಿಸಿದಳು. "ಗೊತ್ತದರಿ. ಎಸ್ತೇರಬಾಯಿ ಹೇಳೇ ಹೋಗ್ಯಾರ. ಸೋಮಾರ ಒಪ್ಪತ್ತು, ಶನಿವಾರ ಒಪ್ಪತ್ತು, ಉಳಿದ ದಿನ ಪಿತ್ತ. ಅಮೃತಮ್ಮಗ ತಿನ್ನು ಅಂತ ಯಾರೂ ಜುಲುಮಿ ಮಾಡಬ್ಯಾಡ್ರಿ ಅಂದಿದ್ರು. ನಾನೇ ಮರ್ತು ಕೊಟ್ಟೆ, ತಪ್ಪಾತು." ಚುಚ್ಚಿ ಹೇಳಿದಳೇ ಎಂದು ಅವಳ ಮುಖ ನೋಡಿದೆ. ಇಲ್ಲ, ಎಸ್ತೇರ್. ನಿಜವಾಗಿಯೂ ನನ್ನ ಹತ್ತಿರ ಕ್ಷಮೆ ಕೇಳುತ್ತಿದ್ದಳು.

ಇನ್ನು ಮುಗಿಸುತ್ತೇನೆ. ಕೊನೆಗೆ ನಿಮ್ಮ ಹೆಂಗಸರು ಒಬ್ಬರ ಕರ್ಚಿಕಾಯಿಯನ್ನು ಒಬ್ಬರು ಕೊಂಡರು. ಕೊಟ್ಟವರೂ ಅವರೇ, ಕೊಂಡವರೂ ಅವರೇ. ಬಾಲವಾಡಿಯ ಮಾಡಿಗೆ ಅರ್ಧ ತಗಡು ಆಗುತ್ತದಂತೆ. ಮಳೆ ಬಂದರೆ ಮಕ್ಕಳೆಲ್ಲ ಆ ಅರ್ಧಕ್ಕೆ ಸರಿದು ಕೂಡಬೇಕು. ಪಾದ್ರಿಯವರು ಸಭೆಯಲ್ಲಿ ನನಗೆ ಚೆಂಡುಹೂವಿನ ಮಾಲೆ ಹಾಕಿ, ಊರನ್ನು ಕೂಡಿಸಿದ ತಾಯಿ ಎಂದರು. ಅಲ್ಲೇ ನೆಲ ಬಿರಿಯಬಾರದೇ ಅನ್ನಿಸಿತು. ಈ ಪಾದ್ರಿಗೆ ಕಣ್ಣು ಮುಚ್ಚಿದಾಗ ಕಾಣುವುದು ಕಣ್ಣು ತೆರೆದಾಗ ಯಾಕೆ ಕಾಣುವುದಿಲ್ಲ?

ಮನೆಗೆ ಬಂದು ಇವರ ಮುಂದೆ ಅತ್ತೆ. ಇವರು ಫರಸಿ ಧೂಳು ಕೊಡವಿಕೊಳ್ಳುತ್ತಾ, "ಆ ಬುಟ್ಟಿ ಕರ್ಚಿಕಾಯಿ ನಾ ವರ್ಷಾ ತಗೋತೀನಲ್ಲ, ಭಾಳ ಚಲೋ ಇರ್ತಾವ" ಎಂದರು. ಯಾವಾಗಿನಿಂದ ಎಂದು ಕೇಳಿದೆ. "ಬಂದಾಗಿಂದ. ಕಾರಖಾನ್ಯಾಗ ಎಲ್ಲಾರೂ ತಗೋತಾರ. ಮನಿಗೆ ತಂದ್ರ ನೀ ಬೈತೀ ಅಂತ ದಾರ್ಯಾಗೇ ತಿಂದು ಬರ್ತೀನಿ." ಹದಿನೆಂಟು ವರ್ಷ ಒಂದೇ ಮನೆಯಲ್ಲಿದ್ದು ನನ್ನ ಗಂಡನ ಹೊಟ್ಟೆಯಲ್ಲಿ ಏನಿದೆ ಎಂದು ನನಗೆ ಗೊತ್ತಿಲ್ಲ. ಯಂಕಮ್ಮ ಕೊಟ್ಟ ಆ ಒಂದು ಕರ್ಚಿಕಾಯಿಯನ್ನು ಕಾಗದದಲ್ಲಿ ಕಟ್ಟಿ ಮನೆಗೆ ತಂದಿದ್ದೆ. ಯಾರೂ ಇಲ್ಲದಾಗ ತಿನ್ನೋಣ ಎಂದು ಗೂಡಿನಲ್ಲಿ ಇಟ್ಟೆ. ಭಾನುವಾರ ತೆಗೆದೆ, ಇಟ್ಟೆ. ಸೋಮವಾರ ತೆಗೆದೆ, ಇಟ್ಟೆ. ಮಂಗಳವಾರ ಇವರು ಚಹಾದ ಜೊತೆ ತಿಂದುಬಿಟ್ಟರು. "ಅದು ನಂದು!" ಎಂದು ಜಗಳವಾಡಿದೆ. "ನಿಂದಾದ್ರ ಮೂರು ದಿನ ಯಾಕ ಇಟ್ಟಿದ್ದಿ?" ಎಂದರು.

ಯಂಕಮ್ಮನ ಮನೆಗೆ ಹೋಗಿ ಕ್ಷಮೆ ಕೇಳಿ ಬಂದೆ. ಅವಳು ಹೊರಗೆ ಕಟ್ಟೆಯ ಮೇಲೆ ಗೋಣಿತಟ್ಟು ಹಾಸಿ, "ಕುಂದ್ರಿ" ಎಂದಳು. ನೀರು ಬೇಕೇ ಎಂದು ಕೇಳಲಿಲ್ಲ. ನೀನು ಹೇಳಿ ಹೋಗಿದ್ದೀಯಲ್ಲ.

ಸುದ್ದಿ ಇಷ್ಟೇ. ಪೀರಪ್ಪನವರಿಗೆ ಕೆಮ್ಮು ಕಡಿಮೆಯಾಯಿತೇ? ಸೇಡಂನ ನೀರು ಒಗ್ಗಿತೇ? ನನ್ನ ಕಿರಿಯವ ಪರೀಕ್ಷೆಗೆ ಓದುತ್ತಿದ್ದಾನೆ, ಎಸ್ತೇರ್ ಮೌಸಿ ಇಲ್ಲದೆ ಲೆಕ್ಕ ಬಿಡಿಸಲು ಬರುವುದಿಲ್ಲ ಎನ್ನುತ್ತಾನೆ. ಹೊಸದಾಗಿ ಬಂದ ಹೆಂಗಸು ಗೋಡೆಯ ಹತ್ತಿರ ಬರುವುದೇ ಇಲ್ಲ, ಬೆಳಗಿನ ಹೊತ್ತು ಕಳೆಯುವುದು ನನಗೆ ಕಷ್ಟವಾಗಿದೆ. ನಿನ್ನನ್ನು ಬೈಯಲು ಕೂತವಳು ಬೈದದ್ದಕ್ಕಿಂತ ಬೇರೆಯದೇ ಹೆಚ್ಚು ಬರೆದೆ. ಹೇಳದೆ ಯಾಕೆ ಹೋದೆ ಎಂಬುದಕ್ಕೆ ಉತ್ತರ ಬರೆ. ನಿನ್ನ ದೇವರೂ ನನ್ನ ದೇವರೂ ಯಾರಿಗೆ ಬಿಡುವಿದೆಯೋ ಅವರು ನಿನ್ನ ಮನೆಯನ್ನು ತಣ್ಣಗಿಟ್ಟಿರಲಿ. ನಿನ್ನ ಆಯುಷ್ಯ ಗಟ್ಟಿಯಿರಲಿ, ಪೀರಪ್ಪನವರ ಎದೆ ಗಟ್ಟಿಯಿರಲಿ.

ಇಂತಿ ನಿನ್ನ ಗೋಡೆಯಾಚೆಯವಳು,
ಅಮೃತಮ್ಮ

ತಾ.ಕ.: ಲಕೋಟೆಗೆ ಅಂಟು ಹಚ್ಚಿದವಳು ಮತ್ತೆ ಬಿಚ್ಚಿ ಇದನ್ನು ಬರೆಯುತ್ತಿದ್ದೇನೆ. ಯಾಕೆ ಹೇಳದೆ ಹೋದೆ ಎಂದು ಪತ್ರದ ತುಂಬ ಕೇಳಿದ್ದೇನಲ್ಲ, ಅದು ಸುಳ್ಳು ಪ್ರಶ್ನೆ. ಯಾಕೆಂದು ನನಗೆ ಗೊತ್ತು. ಪ್ರತಿ ಕ್ರಿಸ್‌ಮಸ್ಸಿಗೆ ನೀನು ಅರಿವೆ ಮುಚ್ಚಿ ತಟ್ಟೆ ಕೊಡುತ್ತಿದ್ದೆ. ನಾನು "ಎಷ್ಟು ಚಲೋ ವಾಸ್ನಿ ಅದ" ಎಂದು ತೆಗೆದುಕೊಂಡು, ಹಿತ್ತಲಿಗೆ ಹೋಗಿ ಎಮ್ಮೆಯ ಗೋದಲಿಗೆ ಸುರಿಯುತ್ತಿದ್ದೆ. ಹದಿನೆಂಟು ತಟ್ಟೆ. ಹೋದ ವರ್ಷದ ಹಿಂದಿನ ವರ್ಷದ ಕ್ರಿಸ್‌ಮಸ್ಸಿಗೆ ನಾನು ಸುರಿಯುವಾಗ ನೀನು ಹಿತ್ತಲ ಬಾಗಿಲಲ್ಲಿ ನಿಂತಿದ್ದೆ. ನೋಡಿದೆ. ಎಮ್ಮೆಯ ಬೆನ್ನು ಸವರಿ, "ಹಾಲು ಚಲೋ ಕೊಡ್ತದೇನು?" ಎಂದು ಕೇಳಿ ಹೋದೆ. ಮರುದಿನ ಬೆಳಿಗ್ಗೆ ಎಂದಿನಂತೆ ಗೋಡೆಗೆ ಬಂದೆ, ಆ ಮಾತು ಎತ್ತಲಿಲ್ಲ. ನೀನು ಎತ್ತಲಿಲ್ಲವೆಂದು ನಾನೂ ಎತ್ತಲಿಲ್ಲ. ಬಸವಂತರಾಯರ ಮನೆಯ ಒಂದು ಲೋಟಕ್ಕೆ ನಾನು ದಾರಿಯುದ್ದಕ್ಕೂ ಉರಿದುಕೊಂಡೆ. ನೀನು ಅದಾದ ಮೇಲೂ ಒಂದು ವರ್ಷ ನನ್ನ ಜೊತೆ ನಗುತ್ತ ಮಾತಾಡಿದೆ. ಹೋಗುವಾಗ ಹೇಳಿದ್ದರೆ ನಿಮಗೊಂದು ಹೋಳಿಗೆ ಊಟ ಹಾಕುತ್ತಿದ್ದೆ, ನೀನು ತಿರುಗಿ ನನ್ನನ್ನು ಊಟಕ್ಕೆ ಕರೆಯಬೇಕಾಗುತ್ತಿತ್ತು, ನಾನು ಮತ್ತೊಂದು ಸುಳ್ಳು ಹೇಳಬೇಕಾಗುತ್ತಿತ್ತು. ಅದನ್ನು ನನಗೆ ತಪ್ಪಿಸಿ ಹೋದೆ, ಅಲ್ಲವೇ?

ನನಗೆ ಪಿತ್ತವಿಲ್ಲ. ಶನಿವಾರದ ಒಪ್ಪತ್ತೂ ಇಲ್ಲ. ಬರುವ ಭಾನುವಾರ ವಾಡಿಯಲ್ಲಿ ಗಾಡಿ ಬದಲಿಸಿ ಮಧ್ಯಾಹ್ನಕ್ಕೆ ಸೇಡಂಗೆ ಬರುತ್ತೇನೆ. ಬೇಡವಾದರೆ ಒಂದು ಕಾರ್ಡು ಹಾಕು, ನಾನು ನಿನ್ನನ್ನು ಏನೂ ಅನ್ನುವುದಿಲ್ಲ. ಕಾರ್ಡು ಬರದಿದ್ದರೆ ಬರುತ್ತೇನೆ. ತಿನ್ನಲು ನನ್ನಿಂದ ಆಗುತ್ತದೆಯೋ ಇಲ್ಲವೋ, ನಿನ್ನ ಮುಂದೆ ಕೂತಾಗಲೇ ಗೊತ್ತಾಗಬೇಕು. ಮನೆಯಿಂದ ಉಂಡು ಬರುವುದಿಲ್ಲ, ಬುತ್ತಿ ಕಟ್ಟಿಕೊಳ್ಳುವುದಿಲ್ಲ. ಹಸಿದು ಬರುತ್ತೇನೆ.